ಬೇಟೆ ಮತ್ತು ಗುರಿ: ಬಾಲ್ಯದಲ್ಲಿ ಕಲಿಸಿದವರು

ಬಾಲ್ಯದಲ್ಲಿ ಯಾರ ಪ್ರಭಾವದಿಂದ ಬೇಟೆಗಾರನಾದಿರಿ, ಕೋವಿಯ ಗೀಳು ಈ ವಯಸ್ಸಿನವರೆಗೂ ಉಳಿದದ್ದು ಹೇಗೆ ಎಂದು ತಾವು ಕೇಳಿದ್ದೀರಿ. ನಾನು 1950ರ ದಶಕದ ಆರಂಭದಲ್ಲಿ ಕೊಡಗಿನಲ್ಲಿ ಹುಟ್ಟಿದವನು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಸಮಾಜದಲ್ಲಿ ಕೋವಿಯ ಪರಿಚಯ ಮಾಡಿಕೊಡಲು ಯಾರೂ ಬೇಕಾಗುವುದಿಲ್ಲ. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ತೋಕ್‌ಪೂ ಎಂಬ ಕೋವಿಹೂವನ್ನು ಸಿಕ್ಕಿಸಿ ಪೂಜೆಗಿಡುತ್ತಿದ್ದರು. ನಳಿಗೆಯನ್ನು ಮನುಷ್ಯರ ಕಡೆ ತಿರುಗಿಸಬಾರದೆಂಬ ಪಾಠ ಅಕ್ಷರಾಭ್ಯಾಸಕ್ಕೂ ಮೊದಲೇ ಆಗಿತ್ತು.

ಆದರೆ ನನಗೆ ಗುರಿ ಕಲಿಸಿದ್ದು ಹಬ್ಬವಲ್ಲ, ತಂದೆಯವರ ಜಿಪುಣತನ. ಮನೆಯ ಜೋಡಿನಳಿಗೆ ಕೋವಿ ದೊಡ್ಡವರದು. ನನ್ನ ಪಾಲಿಗೆ ಬಂದದ್ದು ಅಜ್ಜನ ಕಾಲದ ಒಂಟಿನಳಿಗೆಯ ಕೇಪಿನ ಕೋವಿ, ನಳಿಗೆಯ ಬಾಯಿಂದಲೇ ಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವಂಥದು. ಮಸಿಯನ್ನು, ಅಂದರೆ ಕೋವಿಮದ್ದನ್ನು, ಅಳೆದು ಸುರಿದು, ತೆಂಗಿನ ನಾರು ತುರುಕಿ ಗಜವೆಂಬ ಉದ್ದನೆಯ ಸರಳಿನಿಂದ ಜಡಿದು, ಚರೆಯ ಸಣ್ಣ ಗುಂಡುಗಳನ್ನು ಹಾಕಿ ಮತ್ತೆ ನಾರು ಜಡಿದ ಮೇಲೆ, ಗಜವು ನಳಿಗೆಯ ಬಾಯಿಂದ ಎಷ್ಟು ಬೆರಳು ಹೊರಗೆ ನಿಂತಿದೆಯೆಂದು ತಂದೆಯವರು ತಮ್ಮ ಬೆರಳುಗಳನ್ನೇ ಇಟ್ಟು ನೋಡುತ್ತಿದ್ದರು. ಹೆಚ್ಚಾದರೆ ನಳಿಗೆ ಸಿಡಿಯುವ ಭಯ, ಕಡಿಮೆಯಾದರೆ ಪ್ರಾಣಿ ಗಾಯಗೊಂಡು ಓಡುವ ಭಯ. ಇಷ್ಟೆಲ್ಲ ಸಿದ್ಧತೆ ಒಂದೇ ಈಡಿಗೆ, ಅಂದರೆ ಒಂದೇ ಹೊಡೆತಕ್ಕೆ. ಅದು ಹುಸಿಯಾದರೆ ಅಂದು ಮತ್ತೆ ಮಸಿ ಕೊಡುತ್ತಿರಲಿಲ್ಲವಾದ್ದರಿಂದ, ನಿಶ್ಚಯವಾಗುವವರೆಗೆ ಕೋವಿಯ ಕುದುರೆಯ (ಟ್ರಿಗರ್) ಮೇಲೆ ಬೆರಳಿಡದ ಅಭ್ಯಾಸ ತಾನಾಗಿಯೇ ಬೆಳೆಯಿತು.

ಕಾಡನ್ನು ಓದಲು ಕಲಿಸಿದವರು ನಮ್ಮ ಗದ್ದೆಯಲ್ಲಿ ದುಡಿಯುತ್ತಿದ್ದ ಯರವ ಬುಡಕಟ್ಟಿನ ಒಬ್ಬ ಹಿರಿಯರು. ಹಂದಿಯ ಹೆಜ್ಜೆಯ ಹಿಂಬದಿಯಲ್ಲಿ ಎರಡು ಸಣ್ಣ ಗೊರಸುಗಳ ಗುರುತೂ ಮೂಡಿರುತ್ತದೆ, ಗಟ್ಟಿ ನೆಲದ ಮೇಲೆ ಕಡವೆಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಅದು ಕಾಣುವುದಿಲ್ಲ ಎಂದು ಕುಕ್ಕರಗಾಲಿನಲ್ಲಿ ಕೂತು ತೋರಿಸಿದವರು ಅವರೇ. ಬೀಡಿಯ ಹೊಗೆ ಎತ್ತ ವಾಲುತ್ತದೆಂದು ನೋಡಿಯೇ ನನ್ನನ್ನು ಬಿಲ್ಲಿಗೆ, ಅಂದರೆ ಪ್ರಾಣಿಗಾಗಿ ಕಾದು ನಿಲ್ಲುವ ಜಾಗಕ್ಕೆ, ನಿಲ್ಲಿಸುತ್ತಿದ್ದರು. ಹಳು ಸೋವಿ ಪ್ರಾಣಿಗಳನ್ನು ಪೊದೆಗಳಿಂದ ಎಬ್ಬಿಸಿದವರಿಗೂ ನಾಯಿಗಳಿಗೂ ಮಾಂಸದಲ್ಲಿ ಪಾಲಿತ್ತು, ಹೆಸರು ಮಾತ್ರ ಈಡು ಹೊಡೆದವನಿಗೆ. ಅದು ನ್ಯಾಯವೆಂದು ನನಗೆ ಎಂದೂ ಅನಿಸಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಮನೆಯಲ್ಲಿ ಬೇಟೆ ನಿಂತಿತು. ಪರವಾನಗಿ ಪಡೆದು ಬೇಟೆಯಾಡಲು ಉಳಿದಿದ್ದ ಅವಕಾಶವನ್ನೂ 1991ರ ತಿದ್ದುಪಡಿ ತೆಗೆದುಹಾಕಿತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ವಿಸ್ತರಿಸಿರುವ ವಿನಾಯಿತಿಯು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ಬೇಟೆಗಲ್ಲ, ಇದನ್ನು ನಮ್ಮ ಹುಡುಗರಿಗೆ ಪದೇ ಪದೇ ಹೇಳಬೇಕಾಗುತ್ತದೆ.

ಆಮೇಲೆ ನನಗೆ ಉಳಿದದ್ದು ಹಬ್ಬದ ದಿನ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಮತ್ತು ಏರ್ ರೈಫಲ್. ಹತ್ತು ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಗಲವಷ್ಟೆ. ಕೇಪಿನ ಕೋವಿ ಕಲಿಸಿದ ತಾಳ್ಮೆ ಅಲ್ಲಿ ಚೆನ್ನಾಗಿಯೇ ಒದಗಿತು. ತಂದೆಯವರು ಮಾತ್ರ ಕಾಗದಕ್ಕೆ ಗುಂಡು ಹೊಡೆಯುವುದನ್ನು ದಂಡದ ಖರ್ಚೆಂದೇ ಕೊನೆಯವರೆಗೂ ಹೇಳುತ್ತಿದ್ದರು.