ಅಮ್ಮನ ಪಾವು, ಅಮೆರಿಕದ ಕಪ್ಪು

"ಅಕ್ಕಾ, ಡಲ್ಲಾಸ್‌ಗೆ ಬಂದು ಮೂರು ವಾರ ಆಯ್ತು. ಅಮ್ಮ ಫೋನಲ್ಲಿ ಪಾವು, ಲೋಟ ಅಂತಾರೆ, ಇಲ್ಲಿ ನೋಡಿದ್ರೆ ಕಪ್ಪು, ಔನ್ಸು. ಒಂದು ಪಾವು ಅಂದ್ರೆ ಎಷ್ಟು ಕಪ್ಪು, ಎಷ್ಟು ಗ್ರಾಂ?" ಅಂತ ಕೇಳಿದ್ದೀಯ.

ದಿನದ ಅಡುಗೆಗೆ ಈ ಲೆಕ್ಕ ಬೇಕಾಗೇ ಇಲ್ಲ ಕಣಪ್ಪ. ಅಮ್ಮ ಹೇಳ್ತಿರೋದು ಪಾಲು. ಪಾವು ಅಕ್ಕಿಗೆ ಅರ್ಧ ಪಾವು ಬೇಳೆ ಅಂದ್ರೆ, ಕಾಫಿ ಮಗ್ಗಲ್ಲಿ ಅಳೆದ್ರೂ ಬಿಸಿಬೇಳೆಬಾತ್ ಆಗುತ್ತೆ. ಎಡವಟ್ಟಾಗೋದು ನಡುವೆ ಅಳತೆ ಪಾತ್ರೆ ಬದಲಾಯಿಸಿದಾಗ. ರೈಸ್ ಕುಕ್ಕರ್ ಜೊತೆ ಬರೋ ಪ್ಲಾಸ್ಟಿಕ್ ಕಪ್ಪು 180 ಮಿಲಿ, ಜಪಾನಿನವರ ಹಳೇ ಅಕ್ಕಿ ಅಳತೆ ಅದು. ಅಮೆರಿಕದ ಕಪ್ಪು 240ರ ಹತ್ತಿರ. ಅಕ್ಕಿ ಅದರಲ್ಲಿ ಅಳೆದು ನೀರು ಇದರಲ್ಲಿ ಹಾಕಿದ್ಯೋ, ಅನ್ನ ಮುದ್ದೆ. ಕುಕ್ಕರ್ ಒಳಗಿನ ಗೆರೆಗಳೂ ಆ ಚಿಕ್ಕ ಕಪ್ಪಿಗೇ ಹೊಂದಿಸಿರೋದು.

ಕಪ್ಪಿಗೆ ಎಷ್ಟು ಗ್ರಾಂ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಅದೇ ಕಪ್ಪಲ್ಲಿ ಸಕ್ಕರೆ 200 ಗ್ರಾಂ ಹಿಡಿದ್ರೆ ಮೈದಾ 120-125. ಜರಡಿ ಹಿಡಿದ ಕಡ್ಲೆಹಿಟ್ಟು 90ರ ಆಸುಪಾಸು, ಅದನ್ನೇ ಒತ್ತಿ ತುಂಬಿದ್ರೆ ಎಷ್ಟೋ ಜಾಸ್ತಿ. ಔನ್ಸು ಇನ್ನೊಂದು ಕಿರಿಕಿರಿ: ಮುಂದೆ 'ಫ್ಲೂಯಿಡ್' ಅಂತ ಇದ್ರೆ ಸುಮಾರು 30 ಮಿಲಿ, ಇಲ್ಲದಿದ್ರೆ ತೂಕ, 28 ಗ್ರಾಂ. ಬೆಣ್ಣೆ ಒಂದು ಸ್ಟಿಕ್ ಅಂದ್ರೆ 113 ಗ್ರಾಂ, ಅರ್ಧ ಕಪ್ಪು. ಅದರ ಕಾಗದದ ಮೇಲೇ ಚಮಚದ ಗೆರೆ ಎಳೆದಿರ್ತಾರೆ, ಚಾಕು ಇಟ್ಟು ಕತ್ತರಿಸಿದ್ರೆ ಆಯ್ತು.

ನಾನು ಏಟು ತಿಂದಿದ್ದು ಉಪ್ಪಲ್ಲಿ. ನ್ಯೂಜೆರ್ಸಿಗೆ ಬಂದ ಎರಡನೇ ಬೇಸಿಗೆ, ಮಾವಿನಕಾಯಿ ಸಿಕ್ಕಿತು ಅಂತ ಉಪ್ಪಿನಕಾಯಿ ಹಾಕಿದೆ. ಆರು ಪಾವು ಮಾವಿನ ಹೋಳುಗಳಿಗೆ ಒಂದು ಪಾವು ಉಪ್ಪು, ಅಮ್ಮನ ಲೆಕ್ಕ. ಎಲ್ಲಾ ಒಂದೇ ಕಪ್ಪಲ್ಲೇ ಅಳೆದಿದ್ದೆ, ಪಾಲು ತಪ್ಪಿರಲಿಲ್ಲ. ಮೂರನೇ ವಾರ ಜಾಡಿ ಮುಚ್ಚಳ ತೆಗೆದ್ರೆ ಮೇಲೆಲ್ಲಾ ಬಿಳೀ ಬೂಷ್ಟು. ನಾನು ತಂದಿದ್ದು ಕೋಷರ್ ಉಪ್ಪು, ಪದರ ಪದರವಾಗಿ ಹಗುರ ಇರೋ ಬಗೆ. ಪುಡಿ ಉಪ್ಪು ಕಪ್ಪಿಗೆ 290 ಗ್ರಾಂ ತೂಗಿದ್ರೆ ಇದು ಅದರ ಅರ್ಧನೂ ಇಲ್ಲ. ಜಾಡಿ ತುಂಬಾ ಕಾಯಿ ಕಸಕ್ಕೆ ಹೋಯ್ತು. ಮಾರನೇ ದಿನವೇ ಹೋಗಿ ತಕ್ಕಡಿ ತಂದೆ.

ನೀನೂ ಒಂದು ಡಿಜಿಟಲ್ ತಕ್ಕಡಿ ತಗೋ, ಸಣ್ಣದು ಸಾಕು. ಪಾತ್ರೆ ಇಟ್ಟು 'ಟೇರ್' ಒತ್ತಿದ್ರೆ ಸೊನ್ನೆ ಆಗುತ್ತೆ, ಹಿಟ್ಟು ಸುರಿ, ಮತ್ತೆ ಸೊನ್ನೆ ಮಾಡು, ಸಕ್ಕರೆ ಸುರಿ. ತೊಳೆಯೋ ಕಪ್ಪುಗಳೂ ಕಮ್ಮಿ. ಕೇಕು, ಮೈಸೂರುಪಾಕು, ಉಪ್ಪಿನಕಾಯಿಗೆ ತೂಕವೇ ಸರಿ. ಸಾರಿಗೆಲ್ಲಾ ತಕ್ಕಡಿ ತೆಗೆದ್ರೆ ನಗ್ತಾರೆ.

ಇನ್ನು ನಿಮ್ಮಮ್ಮನ ಪಾವು ಎಷ್ಟು ಅಂತ ನನ್ನ ಕೇಳಿದ್ರೆ ಹೇಗೆ? ನಮ್ಮನೆ ಹಿತ್ತಾಳೆ ಪಾವು ಬೇರೆ, ಅತ್ತೆ ಮನೇದು ಬೇರೆ. ನಾಳೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳು, ಪಾವನ್ನ ಪಕ್ಕದ ಅಂಗಡಿಗೆ ತಗೊಂಡು ಹೋಗಿ ಖಾಲಿ ಒಂದ್ಸಲ, ನೀರು ತುಂಬಿ ಒಂದ್ಸಲ ತೂಗಿಸಲಿ. ಎಷ್ಟು ಗ್ರಾಂ ವ್ಯತ್ಯಾಸವೋ ಅಷ್ಟು ಮಿಲಿ. ಪಾವನ್ನ ಸವರಿ ಅಳೀತಾರೋ, ಗುಪ್ಪೆಯಾಗಿ ತುಂಬ್ತಾರೋ ಅದನ್ನೂ ಕೇಳ್ಕೋ. ನಮ್ಮಮ್ಮ ದಿನಾ ಸವರ್ತಿದ್ರು, ನೆಂಟರು ಬಂದ ದಿನ ಮಾತ್ರ ಗುಪ್ಪೆ.