ಕಾಫಿ ಪುಡಿ ಲೇಬಲ್‌ನಲ್ಲಿ ಕನ್ನಡ ಸಾಲು ಮಾತ್ರ ಸಪ್ಪೆ ಕಾಣುವುದಕ್ಕೆ

ನಿಮ್ಮ ಕಾಫಿ ಪುಡಿ ಲೇಬಲ್‌ನಲ್ಲಿ ಕನ್ನಡ ಸಾಲು ಮಾತ್ರ ಯಾಕೆ ಸಪ್ಪೆ ಅಂತ ಕೇಳಿದ್ದೀರಿ. ನೀವು ಲೇಬಲ್‌ಗೆ ಇಳಿಸಿಕೊಂಡ, ಬಳ್ಳಿ ಸುತ್ತಿದ ಸೆರಿಫ್ (ಅಕ್ಷರದ ತುದಿಗೆ ಪುಟ್ಟ ಗೆರೆ ಇರುವ) ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ ಅನಿಸುತ್ತದೆ, ಅದಕ್ಕೇ ಇಂಗ್ಲಿಷ್ ಹೆಸರು ಚೆಂದ ಬಂದು ಕೆಳಗಿನ ‘ಕೊಡಗಿನ ಕಾಫಿ ಪುಡಿ’ ಮಾತ್ರ ಬೇರೆ ಥರ ಕಾಣುತ್ತಿದೆ. ಇಲ್ಲದ ಅಕ್ಷರಕ್ಕೆ ಕಂಪ್ಯೂಟರ್ ತನ್ನಲ್ಲಿರುವ ಇನ್ನೊಂದು ಫಾಂಟ್ ಹಾಕುತ್ತದೆ. ವಿಂಡೋಸ್ ಆದರೆ ಸಾಮಾನ್ಯವಾಗಿ ನಿರ್ಮಲಾ ಯುಐ ಅಥವಾ ತುಂಗಾ.

ಮೊದಲು ಎರಡು ಸಾಲನ್ನೂ ಬೇರೆ ಬೇರೆ ಟೆಕ್ಸ್ಟ್ ಬಾಕ್ಸ್ ಮಾಡಿ. ಆಮೇಲೆ ಗೂಗಲ್ ಫಾಂಟ್ಸ್‌ನಿಂದ ನೋಟೊ ಸೆರಿಫ್ ಕನ್ನಡ ಇಳಿಸಿ ಬೋಲ್ಡ್ ಹಾಕಿ ನೋಡಿ. ಉಚಿತ, ಮಾರುವ ಪ್ಯಾಕೆಟ್ ಮೇಲೂ ಬಳಸಬಹುದು. ಬಾಲೂ ತಮ್ಮ 2 ಅನ್ನೋ ಕನ್ನಡ ಫಾಂಟ್ ಕೂಡ ಇದೆ, ಆದರೆ ಅದು ತುಂಬಾ ಗುಂಡಗೆ, ನಿಮ್ಮ ಸೆರಿಫ್ ಪಕ್ಕ ಹೊಂದುವುದಿಲ್ಲ. ಕನ್ನಡಕ್ಕೂ ಬಳ್ಳಿ ಬೇಕು ಅಂತ ಸುಮ್ನೆ ಅಂಟಿಸಬೇಡಿ, ಒತ್ತಕ್ಷರ, ದೀರ್ಘದ ಪಕ್ಕ ಬಂದರೆ ಓದುವವರಿಗೆ ಅಕ್ಷರವೇ ಬದಲಾದ ಹಾಗೆ ಕಾಣುತ್ತದೆ. ಬಳ್ಳಿಯನ್ನು ಅಂಚಿನಲ್ಲಿಡಿ.

ತೂಕ, ಬೆಲೆ, ಚಿಕೋರಿ ಪ್ರಮಾಣಕ್ಕೆ ಅಲಂಕಾರದ ಫಾಂಟ್ ಬೇಡವೇ ಬೇಡ, ಸಣ್ಣ ಸೈಜ್‌ನಲ್ಲಿ ಅದರ ತೆಳು ಗೆರೆಗಳು ಪ್ರಿಂಟ್‌ನಲ್ಲಿ ಅಳಿಸಿಹೋಗುತ್ತವೆ.

ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಕಾರಣ ಬೇರೆ: ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತೀರಿ, ಅದನ್ನು ಯುನಿಕೋಡ್‌ಗೆ (ಈಗಿನ ಕನ್ನಡ ಫಾಂಟ್‌ಗಳು ಬಳಸುವ ಅಕ್ಷರ ಸಂಕೇತಕ್ಕೆ) ಬದಲಿಸಿಕೊಳ್ಳಿ. ಅಲಂಕಾರದ ಫಾಂಟ್‌ನ ಲೈಸೆನ್ಸ್ ಒಮ್ಮೆ ಓದಿ, ಎಷ್ಟೋ ಫಾಂಟ್‌ಗಳು ಸ್ವಂತ ಬಳಕೆಗೆ ಮಾತ್ರ ಉಚಿತ. ಎಲ್ಲ ಸರಿ ಇದ್ದರೆ ಅಕ್ಷರಗಳನ್ನು ಕರ್ವ್ಸ್ ಮಾಡಿ (ಅಂದರೆ ಫಾಂಟ್ ಇಲ್ಲದ ಕಡೆಯೂ ಬದಲಾಗದ ಹಾಗೆ ಚಿತ್ರದ ಗೆರೆಗಳಾಗಿ ಮಾಡಿ), ಪಿಡಿಎಫ್ ತೆಗೆದು ಮಡಿಕೇರಿಯ ಪ್ರೆಸ್‌ಗೆ ಕೊಡಿ.