ಕ್ಯಾಮೆರಾ ಬ್ಯಾಗ್ ಕಂಡರೇ ಬೇಸರ

ಪ್ರಶ್ನೆ: ಕಾರವಾರದಲ್ಲಿ 12 ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಈಗ ಬ್ಯಾಗಿನ ಜಿಪ್ ಎಳೆಯೋಕೂ ಬೇಸರ. ಕೆಲಸ ಬಿಡಲಾ?

ಉತ್ತರ: ಬಿಡೋದಿರಲಿ ಮಾರಾಯ್ರೇ, ಮೊದಲು ನಿದ್ದೆ ಮಾಡಿ. ಹಗಲೆಲ್ಲ ಮಂಟಪ, ರಾತ್ರಿಯೆಲ್ಲ ಎಡಿಟಿಂಗ್ ಅಂದರೆ ಯಾವ ಮದುಮಗಳೂ ಚಂದ ಕಾಣಲ್ಲ, ಅಲ್ವಾ? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಟ್ರಾಲರ್‌ಗಳೇ ಬೈತಖೋಲ ಬಂದರಿನಲ್ಲಿ ಸುಮ್ನೆ ನಿಂತಿರುತ್ತವೆ. ಆಷಾಢದಲ್ಲಿ ನಿಮಗೂ ಮದುವೆ ಇರಲ್ಲ. ಎಡಿಟಿಂಗ್ ಬೇರೆಯವರಿಗೆ ಕೊಡಿ. ದುಡ್ಡು ಸ್ವಲ್ಪ ಹೋಗುತ್ತೆ, ಹೋಗಲಿ. ಆಮೇಲೊಂದು ಬೆಳಿಗ್ಗೆ 50 ಎಂಎಂ ಲೆನ್ಸ್ ಒಂದನ್ನೇ ಹಾಕಿಕೊಂಡು ಬಂದರಿಗೆ ಹೋಗಿ, ಹರಿದ ಬಲೆ ಹೊಲಿಯುವವರನ್ನು ಕೇಳಿಕೊಂಡು ಅವರ ಕೈಗಳನ್ನಷ್ಟೇ ತೆಗೆಯಿರಿ, ಹಳೇ ರೋಲಿನ ಲೆಕ್ಕದಲ್ಲಿ 36 ಕ್ಲಿಕ್, ಜಾಸ್ತಿ ಬೇಡ. ಇನ್‌ಸ್ಟಾಗ್ರಾಮಿಗೆ ಹಾಕಲೂಬೇಡಿ. ಎರಡು ವಾರ ಕಳೆದರೂ ನಿದ್ದೆ, ಊಟ ಸೇರದಿದ್ದರೆ ಡಾಕ್ಟರನ್ನು ಕಾಣಿ.